ಅಕ್ಕನ ಕೈ ಅಳತೆ ತಪ್ಪಿರಲಿಲ್ಲ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬಚ್ಚಲಲ್ಲಿ ಇರುವೆ ಸಾಲು ಕಂಡಿತು. ಸಣ್ಣ ಕೆಂಪು ಇರುವೆ. ಗೋಡೆಯ ಬಿರುಕಿನಿಂದ ಇಳಿದು, ಮೋರಿಯ ಬಾಯಿಗೆ ಬಂದು, ನಾನು ಮೂತ್ರ ಮಾಡುವ ಕಲ್ಲಿನ ಸುತ್ತ ಮುತ್ತಿಕೊಂಡಿದ್ದವು. ಮಗ ನೋಡಿ ಇರುವೆ ಪುಡಿ ತರಲು ಹೊರಟ. "ಪುಡಿ ಬ್ಯಾಡ, ನನ್ನ ದವಾಖಾನಿಗೆ ಕರ್ಕೊಂಡು ನಡಿ" ಎಂದೆ. ಅಲ್ಲಿ ರಕ್ತ ತೆಗೆದು ನೋಡಿದರು. ಸಕ್ಕರೆ ಕಾಯಿಲೆ ಹೌದು ಎಂದರು. ನಿಮಗೆ ಮೊದಲೇ ಹೇಗೆ ಗೊತ್ತಾಯಿತು ಎಂದು ರಕ್ತ ತೆಗೆದ ಹುಡುಗಿ ಕೇಳಿದಳು. ಇರುವೆಗಳು ಹೇಳಿದವು ಎಂದೆ. ಅವಳು ನಕ್ಕಳು.

ಇರುವೆಗಳ ಮಾತು ಕೇಳುವುದನ್ನು ಕಲಿಸಿದವಳು ನಮ್ಮ ಅಕ್ಕ. ಅದೂ ಒಂದು ಮುದಿ ಬೆಕ್ಕಿನ ಕಾರಣದಿಂದ...

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಆದರೆ ಈ ವಿಷಯವನ್ನು ನಾನು ಬರೆಯದಿದ್ದರೆ ಬರೆಯುವವರು ಬೇರೆ ಯಾರೂ ಇಲ್ಲ. ನಡೆದದ್ದನ್ನು ಕಂಡವನು ನಾನೊಬ್ಬನೇ.

ಎಪ್ಪತ್ತರ ದಶಕದಲ್ಲಿ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಕ್ಕ ಒಂದು ಖಾನಾವಳಿ ನಡೆಸುತ್ತಿದ್ದಳು. ಬಾಗಿಲ ಮೇಲೆ 'ಲಿಂಗಾಯತ ಖಾನಾವಳಿ' ಎಂದು ಬರೆಸಿದ್ದಳು. ಅವಳು ನನಗಿಂತ ಹದಿನೈದು ವರ್ಷ ದೊಡ್ಡವಳು. ಅವ್ವ ನನ್ನನ್ನು ಹೆತ್ತು ವರ್ಷದೊಳಗೆ ತೀರಿಕೊಂಡಿದ್ದಳು, ಹಾಗಾಗಿ ನನಗೆ ಅಕ್ಕನೇ ಅವ್ವ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದವಳು ಯಾರ ಮುಂದೆಯೂ ಕೈಚಾಚದೆ ಒಲೆ ಹೂಡಿದಳು. ಮಗಳನ್ನು ಸಿಂದಗಿಗೆ ಮದುವೆ ಮಾಡಿ ಕೊಟ್ಟಳು. ನನಗೆ ಬಸ್ ಸ್ಟ್ಯಾಂಡ್ ಬದಿಗೆ ಸೈಕಲ್ ದುರಸ್ತಿಯ ಅಂಗಡಿ ಹಾಕಿಸಿಕೊಟ್ಟಳು.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ಆದರೆ ಅವಳ ಕೈ ಅಳತೆ ಊರಿಗೇ ಗೊತ್ತಿತ್ತು. ನಲವತ್ತು ಮಂದಿಯ ಬ್ಯಾಳಿಗೆ ಉಪ್ಪು ಹಾಕುವಾಗ ಒಮ್ಮೆಯೂ ರುಚಿ ನೋಡುತ್ತಿರಲಿಲ್ಲ. ಮುಷ್ಟಿ ತುಂಬಿ, ಸ್ವಲ್ಪ ಬಿಗಿ ಹಿಡಿದು, ಬಿಡುವಳು. ಹೆಚ್ಚು ಕಡಿಮೆ ಆದದ್ದನ್ನು ನಾನು ಕಂಡಿಲ್ಲ.

ಖಾನಾವಳಿಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳಿರುತ್ತಿದ್ದವು. ಅವುಗಳನ್ನು ಕಾಯುತ್ತಿದ್ದುದು ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು. ಅಕ್ಕ ಅದನ್ನು ಬೂದವ್ವ ಎಂದು ಕರೆಯುತ್ತಿದ್ದಳು. ಖಾನಾವಳಿ ಸುರುವಾದ ವರ್ಷ ಮರಿಯಾಗಿ ಬಂದದ್ದು, ಹನ್ನೆರಡು ವರ್ಷವಾದರೂ ಅಲ್ಲೇ ಇತ್ತು. ವಯಸ್ಸಾದಂತೆ ಇಲಿ ಹಿಡಿಯುವುದು ಬಿಟ್ಟು, ಊಟಕ್ಕೆ ಬಂದವರು ಉಳಿಸಿದ ಹಾಲು ರೊಟ್ಟಿ, ಹುಗ್ಗಿ ತಿಂದು ದಪ್ಪಗಾಗಿತ್ತು.

ಒಂದು ಬೇಸಿಗೆಯಲ್ಲಿ ಅದು ಇದ್ದಕ್ಕಿದ್ದಂತೆ ಇಳಿಯತೊಡಗಿತು. ತಿನ್ನುವುದು ಕಡಿಮೆಯಾಗಿರಲಿಲ್ಲ. ಮುಸುರೆ ಬಾನಿಯಲ್ಲೂ ಬಾಯಿ ಹಾಕಿ ನೀರು ಕುಡಿಯುತ್ತಿತ್ತು. ಬೆನ್ನೆಲುಬು ಕೈಗೆ ಹತ್ತುತ್ತಿತ್ತು. ಮುದಿಯಾಗಿದೆ, ಇನ್ನೆಷ್ಟು ದಿನ ಎಂದು ನಾನು ಸುಮ್ಮನಿದ್ದೆ. ಅಕ್ಕ ಸುಮ್ಮನಿರಲಿಲ್ಲ. ಅದು ಹಿತ್ತಲಿನ ಬೂದಿಗುಂಡಿಯಲ್ಲಿ ಉಚ್ಚೆ ಮಾಡಿದ ಕಡೆಗೆಲ್ಲ ಇರುವೆ ಹತ್ತಿದ್ದನ್ನು ನೋಡಿದಳು. ನಮ್ಮಲ್ಲಿ ದಿನಾ ಊಟ ಮಾಡುತ್ತಿದ್ದ ಇಂಡಿ ಕಡೆಯ ಒಬ್ಬ ಮುದಿ ಮಾಸ್ತರರಿಗೆ ಸಕ್ಕರೆ ಕಾಯಿಲೆ ಇತ್ತು. ತಮಗೂ ಮೊದಲು ಇರುವೆಯಿಂದಲೇ ತಿಳಿದದ್ದು ಎಂದು ಅವರು ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು.

ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಹೋದಳು. ನಾನೂ ಜೊತೆಗಿದ್ದೆ. ಡಾಕ್ಟರು ಮೈಸೂರು ಕಡೆಯವರು, ವಯಸ್ಸಿನಲ್ಲಿ ಚಿಕ್ಕವರು.

"ಬೆಕ್ಕಿಗೆ ಸಕ್ಕರಿ ಬ್ಯಾನಿ ಬರತೈತೇನ್ರಿ ಸಾಹೇಬ್ರ?" ಎಂದು ಅಕ್ಕ ಕೇಳಿದಳು.

ಎಮ್ಮೆ ಹೊಡೆದುಕೊಂಡು ಬಂದಿದ್ದವರು ಗೊಳ್ಳೆಂದು ನಕ್ಕರು. "ಮುಂದ ನಿಮ್ಮ ಇಲಿಗೆ ಬಿಪಿ ಬರತೈತಿ ನೋಡ್ರಿ" ಎಂದ ಒಬ್ಬ. ಡಾಕ್ಟರು ನಗಲಿಲ್ಲ. "ಪುಸ್ತಕದಲ್ಲಿ ಓದಿದ್ದೀನಮ್ಮ. ಕಣ್ಣಾರೆ ನೋಡಿಲ್ಲ. ಇದರ ಮೂತ್ರ ತಗೊಂಡು ಬನ್ನಿ" ಎಂದರು.

ಎರಡು ದಿನ ಅಕ್ಕ ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳ ಹಿಡಿದು ಬೆಕ್ಕಿನ ಹಿಂದೆ ಹಿಂದೆ ಓಡಾಡಿದಳು. ಅದು ಕೂತ ಕೂಡಲೇ ಮುಚ್ಚಳ ತಳ್ಳುವಳು, ಅದು ಎದ್ದು ಹೋಗುವುದು. ಕೊನೆಗೆ ಸಿಕ್ಕಿತು. ಡಾಕ್ಟರು ಗಾಜಿನ ನಳಿಗೆಯ ನೀಲಿ ಔಷಧದಲ್ಲಿ ಅದನ್ನು ಕೆಲವು ಹನಿ ಹಾಕಿ ದೀಪದ ಉರಿಗೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಹಾಗೆ ಕೆಂಪಾಯಿತು. ಡಾಕ್ಟರು ನಮಗಿಂತ ಹೆಚ್ಚು ಆಶ್ಚರ್ಯಪಟ್ಟರು. ಕೆಂಪಾದಷ್ಟೂ ಸಕ್ಕರೆ ಹೆಚ್ಚು ಎಂದರು.

"ದಿನಕ್ಕೆ ಎರಡು ಸಲ ಸೂಜಿ ಹಾಕಬೇಕು. ಅದನ್ನ ನೀವು ಕಲೀಬಹುದು. ಆದರೆ ಈ ರೊಟ್ಟಿ, ಹಾಲು, ಹುಗ್ಗಿ ಎಲ್ಲಾ ನಿಲ್ಲಿಸಬೇಕು. ಮಾಂಸ ಕೊಡಬೇಕಮ್ಮ" ಎಂದರು.

ಅಕ್ಕ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ನಿಂತಿದ್ದಳು. ಆಮೇಲೆ, "ಬೆಕ್ಕಿಗೇನು ದೀಕ್ಷಾ ಆಗಿಲ್ಲಲ್ಲರಿ. ಕೊಡ್ತೇನಿ" ಎಂದಳು.

ಕೊಟ್ಟಳು. ಹೇಗೆ ಕೊಟ್ಟಳು ಎಂಬುದನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ. ಹಿತ್ತಲಿನ ತುದಿಯಲ್ಲಿ, ನುಗ್ಗೆ ಗಿಡದ ಕೆಳಗೆ ಬೇರೆ ಒಲೆ ಹೂಡಿದಳು. ಬೇರೆ ಗಡಿಗೆ, ಬೇರೆ ಚಾಕು, ಉಡಲು ಒಂದು ಹಳೆಯ ಸೀರೆ. ಬೆಳಿಗ್ಗೆ ಎದ್ದು ಆ ಸೀರೆ ಉಟ್ಟು ಮಾಂಸ ಬೇಯಿಸಿ, ಬೆಕ್ಕು ತಿಂದು ಮುಗಿಸುವವರೆಗೆ ಮುಂದೆ ಕೂತು, ಸೂಜಿ ಹಾಕಿ, ಬಾವಿಯ ನೀರು ಹೊಯ್ದುಕೊಂಡು, ಸೀರೆ ಬದಲಿಸಿ, ಆಮೇಲೆ ಅಡುಗೆಮನೆಗೆ ಕಾಲಿಡುವಳು. ಸಂಜೆ ಮತ್ತೆ ಅಷ್ಟೂ. ಚಳಿಗಾಲದಲ್ಲೂ ಎರಡು ಸಲ ತಣ್ಣೀರ ಸ್ನಾನ ತಪ್ಪಲಿಲ್ಲ.

ಸೂಜಿಯ ಔಷಧದ ಸಣ್ಣ ಸೀಸೆ ವಿಜಾಪುರದಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ಅದಕ್ಕೆ ಬಿಸಿಲು ಆಗದು. ಅಕ್ಕ ದೊಡ್ಡ ಮಡಕೆಯಲ್ಲಿ ಹಸಿ ಉಸುಕು ತುಂಬಿ, ಅದರೊಳಗೆ ಪುಟ್ಟ ಮಡಕೆ ಹೂತು, ಅದರಲ್ಲಿ ಸೀಸೆ ಇಟ್ಟು ದಿನಾ ನೀರು ಚಿಮುಕಿಸುತ್ತಿದ್ದಳು. ಗಾಜಿನ ಸಿರಿಂಜನ್ನು ಕುದಿಸಿ, ಎರಡು ಗೆರೆ ಔಷಧ ಎಳೆದು, ಬೆಕ್ಕಿನ ಹೆಗಲ ಚರ್ಮ ಎತ್ತಿ ಚುಚ್ಚುವುದು ಬೂದವ್ವನಿಗೇ ತಿಳಿಯುತ್ತಿರಲಿಲ್ಲ. ವಾರಕ್ಕೊಮ್ಮೆ ನೀಲಿ ಔಷಧದಲ್ಲಿ ಬಣ್ಣ ನೋಡುವಳು. ಕೆಂಪು ಹೋಗಿ ಹಳದಿ ಬಂತು. ಹಳದಿ ಹೋಗಿ ಹಸಿರು ಬಂತು. ಹಸಿರು ಬಂದ ದಿನ ಊಟಕ್ಕೆ ಬಂದವರಿಗೆಲ್ಲ ಹೆಸರು ಬೇಳೆ ಪಾಯಸ ಬಡಿಸಿದಳು.

ತಕರಾರು ಬಾರದೆ ಇರಲಿಲ್ಲ. ಒಬ್ಬ ಜವಳಿ ವ್ಯಾಪಾರಿ ತಾಟಿನ ಮುಂದೆ ಕೂತೇ ಕೇಳಿದ: "ಲಿಂಗಾ ಪೂಜಿ ಮಾಡೂ ಕೈಲೇ ಅದನ್ನ ಮುಟ್ಟತೀರಂತ, ಖರೇನ್ರಿ ಅಕ್ಕಾರ?"

"ಖರೇನ್ರಿ. ಹಿತ್ತಲಕ್ಕ ಬಂದು ನೋಡ್ರಿ, ಒಲಿ ಬ್ಯಾರೆ, ಗಡಿಗಿ ಬ್ಯಾರೆ, ಸೀರಿ ಬ್ಯಾರೆ. ನಿಮ್ಮ ತಾಟಿಗೆ ವಾಸನಿ ಬಂದ್ರ ಉಣ್ಣೂದು ಬಿಟ್ಟು ಏಳ್ರಿ" ಎಂದಳು ಅಕ್ಕ.

ಅವನು ತಾಟು ಮೂಸಿ ನೋಡಿದ. ಎಲ್ಲರೂ ನೋಡುತ್ತಿದ್ದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಕೆಲವರು ಬರುವುದು ಬಿಟ್ಟದ್ದೂ ನಿಜ. ಉಳಿದವರು ಚೇಷ್ಟೆ ಮಾಡುತ್ತಲೇ ಉಣ್ಣುತ್ತಿದ್ದರು. "ಬೆಕ್ಕಿನ ಆರೈಕಿ ಮುಗದಿದ್ರ ನಮಗೂ ಒಂದೀಟು ಬ್ಯಾಳಿ ಹಾಕ್ರಿ" ಎಂದರೆ, "ಹನ್ನೆರಡು ವರ್ಷ ನನ್ನ ಜ್ವಾಳ ಕಾಯ್ದಿಯೇನಲೇ ನೀ? ಕಾಯಿ, ಆಮ್ಯಾಲ ನಿನಗೂ ಮಾಡ್ತೇನಿ" ಎನ್ನುವಳು. ಬರಬರುತ್ತ ಮುದಿ ಮಾಸ್ತರರೇ ತಮ್ಮ ಸೂಜಿಯನ್ನು ಅಕ್ಕನ ಕೈಯಲ್ಲಿ ಹಾಕಿಸಿಕೊಳ್ಳತೊಡಗಿದರು. ಸರಕಾರಿ ದವಾಖಾನೆಯವರಿಗಿಂತ ಈಕೆಯ ಕೈ ಹಗುರ ಎಂದು ಹತ್ತು ಮಂದಿಯ ಮುಂದೆ ಹೇಳುತ್ತಿದ್ದರು.

ಮಾಂಸ ತರುವುದಕ್ಕೂ ಅಕ್ಕ ತಾನೇ ಹೋಗುತ್ತಿದ್ದಳು. ಕಸಾಯಿ ಓಣಿಯ ಮುದುಕ ಕಾಕಾ ಅವಳನ್ನು ಕಂಡರೆ ಉಳಿದ ಗಿರಾಕಿಗಳನ್ನು ನಿಲ್ಲಿಸಿ, "ಮೊದ್ಲ ಪೇಶಂಟ್‌ದು ಕೊಡೂಣು" ಎಂದು ಮುತ್ತಲ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದ. ಅವಳು ಆ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚದೆ, ಕೈಯಲ್ಲಿ ಹಿಡಿದುಕೊಂಡೇ ನಡುಬೀದಿಯಲ್ಲಿ ಬರುತ್ತಿದ್ದಳು. ನಾನು ಒಮ್ಮೆಯೂ ಅವಳ ಜೊತೆ ಹೋಗಲಿಲ್ಲ. ಅವಳೂ ಕರೆಯಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು.

ಮೂರನೆಯ ವರ್ಷದ ಶ್ರಾವಣದಲ್ಲಿ ಸಿಂದಗಿಯಿಂದ ಮಗಳಿಗೆ ಟೈಫಾಯ್ಡ್ ಆಗಿದೆ ಎಂದು ಸುದ್ದಿ ಬಂತು. ಅಕ್ಕ ಖಾನಾವಳಿಯ ಬಾಗಿಲು ಹಾಕಿ ಹೊರಟಳು. ಹೋಗುವ ಮುಂಚೆ ನನ್ನ ಕೈಯಲ್ಲಿ ಬೂದವ್ವನಿಗೆ ಸೂಜಿ ಹಾಕಿಸಿ ನೋಡಿದಳು.

"ಮೊದ್ಲ ತಿನ್ನಬೇಕು, ಆಮ್ಯಾಲ ಸೂಜಿ. ತಿನ್ನಲಿಲ್ಲಂದ್ರ ಸೂಜಿ ಇಲ್ಲ, ಖಾಲಿ ಹೊಟ್ಟಿಗೆ ಹಾಕಿದ್ರ ಸಕ್ಕರಿ ಪೂರಾ ಇಳದು ಬೀಳತೈತಿ. ನಡುಗಾಕ ಹತ್ತಿದ್ರ ಬೆಲ್ಲದ ನೀರು ವಸಡಿಗೆ ಹಚ್ಚು. ಸೋಮವಾರ ನೀ ಉಪಾಸ ಇರು, ಅದಕ್ಕ ಉಪಾಸ ಕೆಡವಬ್ಯಾಡ. ಐತವಾರನ ತಂದು ಕುದಿಸಿಡು."

"ಗೊತ್ತೈತಿ ಬಿಡಬೇ" ಎಂದೆ.

"ಗೊತ್ತೈತಿ ಅಂತನ ನಿನ್ನ ಮ್ಯಾಲ ಬಿಟ್ಟು ಹೊಂಟೇನಿ" ಎಂದಳು.

ಶನಿವಾರದವರೆಗೆ ಎಲ್ಲ ಸರಿಯಾಗಿಯೇ ಮಾಡಿದೆ. ಮುಸುಕು ಹಾಕಿಕೊಂಡು ಹೋಗಿ ಕಾಕಾನಿಂದ ಪೊಟ್ಟಣ ತಂದೆ. ಆ ವಾರ ನನಗೆ ಒಂದು ಹೆಣ್ಣಿನ ಮಾತು ನಡೆದಿತ್ತು. ಹುಡುಗಿ ತಾಳಿಕೋಟೆಯವಳು, ಬಹಳ ಮಡಿವಂತ ಮನೆತನ ಎಂದು ಕೇಳಿದ್ದೆ. ಅವಳ ಸೋದರಮಾವನ ಕಿರಾಣಿ ಅಂಗಡಿ ನಮ್ಮೂರಿನಲ್ಲೇ, ಕಸಾಯಿ ಓಣಿಯ ಬಾಯಿಗೇ ಇತ್ತು. ವಾರವಿಡೀ ಅವನು ಊರಲ್ಲಿರಲಿಲ್ಲ. ಭಾನುವಾರ ಸಂಜೆ ನಾನು ಹೋದಾಗ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ, "ಏನ್ರಿ, ಈ ಕಡೆ?" ಎಂದ. "ಹಿಂಗ, ಅಡ್ಡಾಡಾಕ" ಎಂದೆ. ಚಹಾ ಕುಡಿಸಿದ. ಕುಡಿದು ಬಂದ ದಾರಿಯಲ್ಲೇ ಹೊರಳಿದೆ.

ಮನೆಯಲ್ಲಿ ಶನಿವಾರದ್ದು ಒಂದು ತುಣುಕು ಉಳಿದಿತ್ತು. ಅದನ್ನು ಆ ಸಂಜೆ ಹಾಕಿದೆ. ಮರುದಿನ ಬೆಳಿಗ್ಗೆ ಹಾಕಲು ಏನೂ ಇರಲಿಲ್ಲ. ಹೇಗೂ ಶ್ರಾವಣ ಸೋಮವಾರ, ಊರವರೆಲ್ಲ ಉಪವಾಸ, ಒಂದು ದಿನ ಬೆಕ್ಕೂ ಇದ್ದರೆ ಏನಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ ಎಂಬುದು ಆಗಲೂ ಗೊತ್ತಿತ್ತು.

ಸೂಜಿಯನ್ನಾದರೂ ಬಿಡಬಹುದಿತ್ತು. ಬಿಡಲಿಲ್ಲ. ಬಿಟ್ಟರೆ ಸೀಸೆಯಲ್ಲಿ ಔಷಧ ಉಳಿಯುತ್ತದೆ, ಅಕ್ಕ ಬಂದವಳೇ ಸೀಸೆ ಎತ್ತಿ ಬೆಳಕಿಗೆ ಹಿಡಿಯುತ್ತಾಳೆ, ಯಾವ ಹೊತ್ತು ತಪ್ಪಿಸಿದೆ ಎಂದು ಕೇಳುತ್ತಾಳೆ. ಅದಕ್ಕೆ ಹೆದರಿ, ಖಾಲಿ ಹೊಟ್ಟೆಯ ಬೆಕ್ಕಿಗೆ ಎರಡು ಗೆರೆ ಔಷಧ ಹಾಕಿ ಅಂಗಡಿಗೆ ಹೋದೆ...

ಮಧ್ಯಾಹ್ನ ಬಂದಾಗ ಬೂದವ್ವ ಒಳಕಲ್ಲಿನ ಬದಿಗೆ ಅಡ್ಡಬಿದ್ದಿತ್ತು. ಕಾಲು ಸೆಟೆದು ನಡುಗುತ್ತಿತ್ತು, ಕಣ್ಣು ತೆರೆದೇ ಇದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಬೆಲ್ಲ ಕಲಸಿ ವಸಡಿಗೆ ತಿಕ್ಕಿದೆ. ತಿಕ್ಕುತ್ತ ಅಳುತ್ತಿದ್ದೆ. ಎಷ್ಟು ಹೊತ್ತಾಯಿತೋ ತಿಳಿಯದು, ನಾಲಗೆ ಹೊರಗೆ ಬಂದು ನನ್ನ ಬೆರಳು ನೆಕ್ಕಿತು. ಹಾಲಿಟ್ಟೆ, ಕುಡಿಯಿತು. ಆಗ ಓಡಿದೆ. ಆ ಮಾವನ ಮುಂದೆಯೇ ಓಣಿಗೆ ನುಗ್ಗಿ ಮಾಂಸ ತಂದೆ. ಅವನು ಏನೂ ಕೇಳಲಿಲ್ಲ. ಹಿಂದಿನ ದಿನ ಹೋಗಿದ್ದರೂ ಕೇಳುತ್ತಿರಲಿಲ್ಲವೇನೋ...

ಗುರುವಾರ ಅಕ್ಕ ಬಂದಳು. ಮಗಳು ಹುಷಾರಾಗಿದ್ದಳು. ಬೂದವ್ವ ಎದ್ದು ಅವಳ ಕಡೆಗೆ ನಾಲ್ಕು ಹೆಜ್ಜೆ ಇಟ್ಟಿತು, ಹಿಂಗಾಲು ತೊಡರಿದವು. ಕೈಯಲ್ಲಿದ್ದ ಗಂಟು ಕೆಳಗಿಟ್ಟು ಅಕ್ಕ ಕೇಳಿದಳು, "ಏನಾಗೇತಿ ಇದಕ್ಕ?"

ಸೋಮವಾರ ಬಿದ್ದಿತ್ತು, ಬೆಲ್ಲ ಹಚ್ಚಿ ಎಬ್ಬಿಸಿದೆ ಎಂದೆ.

"ತಿಂದಿತ್ತೇನು?"

"ಹೂಂ."

"ಎಲ್ಲಾ ತಿಂದಿತ್ತೇನು, ಬಿಟ್ಟಿತ್ತೇನು?"

"ಎಲ್ಲಾ ತಿಂದಿತ್ತಬೇ. ಗಂಗಾಳ ನೆಕ್ಕಿತ್ತು."

ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟಳು. "ನೀ ಇದ್ದಿ ಅಂತ ಉಳೀತು ತಮ್ಮಾ. ಬ್ಯಾರೆ ಯಾರರ ಆಗಿದ್ರ ಗಾಬರಿ ಬಿದ್ದು ಕುಂದರತಿದ್ರು" ಎಂದಳು. ಆ ಕೈ ತಲೆಯ ಮೇಲಿದ್ದಾಗ ಹೇಳಿಬಿಡಬೇಕಿತ್ತು.

ಮರುದಿನ ಡಾಕ್ಟರ ಬಳಿ ಹೋದೆವು. ಅವರು ನನ್ನನ್ನೇ ಕೇಳಿದರು. "ಯೋಚನೆ ಮಾಡಿ ಹೇಳಪ್ಪ. ತಿಂದಿತ್ತಾ?" ಅಕ್ಕ ಬದಿಯಲ್ಲೇ ನಿಂತಿದ್ದಳು. ಹೌದ್ರಿ ಎಂದೆ. "ತಿಂದ ಮೇಲೂ ಬಿದ್ದಿದೆ ಅಂದರೆ ಔಷಧ ಜಾಸ್ತಿ ಆಗ್ತಿದೆ. ಎರಡು ಗೆರೆ ಬೇಡ, ಒಂದೇ ಸಾಕು" ಎಂದರು. ಆ ತಿಂಗಳ ಕೊನೆಗೆ ಅವರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಬೆಕ್ಕೆಂದರೆ ನಗುವವರು.

ಒಂದು ಗೆರೆಯ ಮೇಲೆ ಬಣ್ಣ ಮತ್ತೆ ತಿರುಗಿತು. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು. ಅಕ್ಕ ಗಾಜಿನ ನಳಿಗೆ ಹಿಡಿದು ಹಿತ್ತಲಿನಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಸಿರಿಂಜಿಗೆ ಎರಡನೆಯ ಗೆರೆಯವರೆಗೆ ಔಷಧ ಎಳೆಯುವಳು, ಮತ್ತೆ ಒಂದು ಗೆರೆಗೆ ಇಳಿಸುವಳು. "ಎರಡು ಹಾಕಿದ್ರ ಮತ್ತ ಬಿದ್ದೀತೋ ಏನೋ ತಮ್ಮಾ. ನೀ ನೋಡಿದವ, ನೀನ ಹೇಳು" ಎಂದು ಒಮ್ಮೆ ಕೇಳಿದಳು. ನಾನು ಒಂದು ಮಾತು ಹೇಳಿದ್ದರೆ ಬೂದವ್ವ ಬದುಕುತ್ತಿತ್ತು. "ನನಗೇನು ತಿಳೀತೈತಬೇ" ಎಂದು ಎದ್ದು ಹೋದೆ.

ಎಳ್ಳ ಅಮವಾಸ್ಯೆಯ ಹಿಂದಿನ ದಿನ ಬೂದವ್ವ ಸತ್ತಿತು. ಅಕ್ಕ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಬೆಕ್ಕು ಒಲೆಯ ಹಿಂದಿನ ಬೆಚ್ಚನೆಯ ಜಾಗದಲ್ಲಿ ಮಲಗಿತ್ತು, ಕರೆದರೆ ಏಳಲಿಲ್ಲ. ನುಗ್ಗೆ ಗಿಡದ ಕೆಳಗೆ ಹೂತೆವು. ಮಣ್ಣು ಎಳೆಯುತ್ತ ಅಕ್ಕ ಹೇಳಿದಳು: "ಮೊದ್ಲ ಹೆಚ್ಚ ಹಾಕಿದೆ, ಆಮ್ಯಾಲ ಕಡಿಮಿ ಹಾಕಿದೆ. ಅದರ ಅಳತಿ ನನ್ನ ಕೈಗೆ ಸಿಗಲಿಲ್ಲ ನೋಡು."

ಮರುವಾರ ಮುದಿ ಮಾಸ್ತರರು ಎಂದಿನಂತೆ ತೋಳು ಮಡಚಿಕೊಂಡು ಬಂದರು. ಅಕ್ಕ ಸಿರಿಂಜು ಮುಟ್ಟಲಿಲ್ಲ. "ಬ್ಯಾಡ್ರಿ ಮಾಸ್ತರ. ನನ್ನ ಕೈ ಅಳತಿ ಸರಿ ಇಲ್ಲ. ದವಾಖಾನಿಗೆ ಹೋಗ್ರಿ" ಎಂದಳು. ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಆ ವಯಸ್ಸಿನಲ್ಲಿ ಅವರು ದಿನಕ್ಕೆ ಎರಡು ಸಲ ದವಾಖಾನೆಗೆ ನಡೆದು ಹೋಗುವುದನ್ನು ನಾನು ನನ್ನ ಸೈಕಲ್ ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಅಡುಗೆಮನೆಯಲ್ಲೂ ಅಕ್ಕ ಬ್ಯಾಳಿಯ ರುಚಿ ನೋಡಿ ಉಪ್ಪು ಹಾಕತೊಡಗಿದಳು.

ತಾಳಿಕೋಟೆಯ ಹುಡುಗಿಯೇ ನನ್ನ ಹೆಂಡತಿಯಾದಳು. ಮದುವೆಯ ಊಟದ ಪಂಕ್ತಿಯಲ್ಲಿ ಅಕ್ಕ ಬೀಗರ ಮುಂದೆಲ್ಲ ನಾನು ಬೆಕ್ಕು ಉಳಿಸಿದ ಕಥೆ ಹೇಳಿದಳು, ಕಸಾಯಿ ಓಣಿಯನ್ನೂ ಬಿಡದೆ. ಕಿರಾಣಿ ಅಂಗಡಿಯ ಆ ಸೋದರಮಾವನವರು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. "ಒಂದು ಬೆಕ್ಕಿಗೆ ಇಷ್ಟ ಮಾಡೂ ಮನಿಗೆ ಹೆಣ್ಣು ಕೊಟ್ಟೇವಂದ್ರ ಚಿಂತಿಲ್ಲ ಬಿಡು" ಎಂದರು. ನಾನು ಯಾರಿಗೆ ಹೆದರಿ ಓಣಿಯ ಬಾಯಿಂದ ಹೊರಳಿದ್ದೆನೋ ಅವರೇ ಹಾಗೆಂದರು. ಅಕ್ಕ ನನ್ನ ಕಡೆ ನೋಡಿ ನಕ್ಕಳು. ಅಷ್ಟು ಸಂತೋಷದ ಮುಖವನ್ನು ಕೆಡಿಸುವುದು ಹೇಗೆ ಎಂದು ಅಂದೂ ಬಾಯಿ ಮುಚ್ಚಿಕೊಂಡೆ.

ಕೈಯಲ್ಲಿ ಆಗುವಷ್ಟು ಕಾಲ ಅಕ್ಕ ಖಾನಾವಳಿ ನಡೆಸಿದಳು. ಆಮೇಲೆ ಮಗಳ ಮನೆಗೆ ಹೋದಳು. ಹೋದ ವರ್ಷ ಸಿಂದಗಿಯಲ್ಲಿ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಅಕ್ಕನ ಮಗಳು, ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ, ಹೇಳಿದಳು: "ಕೊನೀತನಕಾ ಅವ್ವ ನಿಮ್ಮ ಸುದ್ದೀನ ಹೇಳ್ತಿದ್ಲು ಮಾಮಾ. ನನ್ನ ತಮ್ಮ ಆ ಬೆಕ್ಕಿಗೆ ಒಂದು ಹೊತ್ತೂ ತಪ್ಪಿಸಲಿಲ್ಲ, ಅಂಥವ ಸಿಗಾಂಗಿಲ್ಲ ಅಂತಿದ್ಲು."

"ಒಂದು ಹೊತ್ತು ತಪ್ಪಿಸೇನವ್ವ" ಎಂದೆ.

ನನ್ನ ಬಾಯಿಂದ ಅದು ಹೇಗೆ ಬಂತೋ. ಬಂದ ಮೇಲೆ ನಿಲ್ಲಲಿಲ್ಲ. ಕಿರಾಣಿ ಅಂಗಡಿ, ಚಹಾ, ಸೋಮವಾರ, ಸೂಜಿ, ನಾನು ಎರಡು ಸಲ ಹೇಳಿದ ಸುಳ್ಳು, ಎಲ್ಲ ಹೇಳಿದೆ.

"ಅವ್ವಗ ಹೇಳಬೇಕಿತ್ತು ಮಾಮಾ" ಎಂದಳು ಅವಳು. "ಎರಡು ದಿನ ಬೈತಿದ್ಲು. ಆಮ್ಯಾಲ ಉಣ್ಣಾಕ ಕರೀತಿದ್ಲು."

ಹೌದು. ಅಷ್ಟೇ ಮಾಡುತ್ತಿದ್ದಳು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಬೈಗುಳ ತಿನ್ನಲು ಆಗದ್ದಕ್ಕೆ, ಎರಡು ವರ್ಷ ಒಂದು ಮುದಿ ಬೆಕ್ಕಿನ ಪ್ರಾಣವನ್ನು ಸೂಜಿಯ ಎರಡು ಗೆರೆಯಲ್ಲಿ ಹಿಡಿದಿಟ್ಟಿದ್ದ ಹೆಂಗಸನ್ನು ತನ್ನ ಕೈಯನ್ನೇ ನಂಬದ ಹಾಗೆ ಮಾಡಿದೆ. ಬಾಗೇವಾಡಿಯಲ್ಲಿ ಅವಳ ಕೈಯ ಊಟ ಉಂಡವರು ಇನ್ನೂ ಕೆಲವರು ಇದ್ದಾರೆ. ಅವರು ಇದನ್ನು ಓದಿದರೆ ಒಂದು ಮಾತು ತಿಳಿಯಲಿ. ಎರಡು ಗೆರೆ ಸರಿಯಾಗಿಯೇ ಇತ್ತು.